ಬಂದೂಕಿನ ವ್ಯಾಪಾರಿಯ ಪ್ರಶ್ನೆ

ಶ್ರಾವಕನು ತಾನು ಹಿಂಸೆ ಮಾಡದಿದ್ದರಷ್ಟೇ ಸಾಲದು. ಮಾಡಿಸಲೂಬಾರದು, ಮಾಡುವವರನ್ನು ಅನುಮೋದಿಸಲೂಬಾರದು. ಕೃತ, ಕಾರಿತ, ಅನುಮೋದನ ಎಂಬ ಈ ಅಳತೆಗೋಲನ್ನು ವ್ಯಾಪಾರಿಯು ತನ್ನ ಅಂಗಡಿಯಲ್ಲಿ ಎಷ್ಟು ದೂರ ಹಿಡಿಯಬೇಕು? ಜೈನಧರ್ಮದ ಪರಿಚಯವಿಲ್ಲದ ಸಮಾಜವೊಂದರಲ್ಲಿ, ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದಲ್ಲಿ, ಈ ಪ್ರಶ್ನೆ 1795ರಲ್ಲಿ ಎದ್ದಿತು.

ಸ್ಯಾಮ್ಯುಯೆಲ್ ಗಾಲ್ಟನ್ (1753-1832) ಕ್ವೇಕರ್ ಪಂಥದವನು. ಯುದ್ಧವನ್ನೂ ಶಸ್ತ್ರಧಾರಣೆಯನ್ನೂ ತ್ಯಜಿಸಿದ್ದೇವೆಂದು ಆ ಪಂಥದವರು ಹದಿನೇಳನೆಯ ಶತಮಾನದಲ್ಲಿಯೇ ಸಾರಿದ್ದರು. ಆದರೆ ಗಾಲ್ಟನ್ನನ ಮನೆತನದ ಉದ್ಯೋಗವೇ ಬಂದೂಕು ತಯಾರಿಕೆ. ತಂದೆಯೂ ಸೋದರಮಾವ ಜೇಮ್ಸ್ ಫಾರ್ಮರನೂ ಕಟ್ಟಿದ ವ್ಯವಹಾರದಲ್ಲಿ ಅವನು ಪಾಲುದಾರನಾದನು.

ಆಗ ಒಂದೇ ಸೂರಿನಡಿ ಇಡೀ ಬಂದೂಕು ತಯಾರಾಗುತ್ತಿರಲಿಲ್ಲ. ನಳಿಗೆ ಬಡಿಯುವವನು ಒಬ್ಬ, ಚಕಮಕಿಯ ಕೀಲು ಮಾಡುವವನು ಇನ್ನೊಬ್ಬ, ಮರದ ಹಿಡಿ ಕೆತ್ತುವವನು ಮತ್ತೊಬ್ಬ. ಭಾಗಗಳನ್ನು ಕೊಂಡು, ಪರೀಕ್ಷಿಸಿ, ಜೋಡಿಸಿ ಮಾರುವುದು ಗಾಲ್ಟನ್ನನಂಥವರ ಕೆಲಸ. ಸರ್ಕಾರದ ಸೈನ್ಯವೂ ಅವರ ಗಿರಾಕಿ. ಪಶ್ಚಿಮ ಆಫ್ರಿಕದ ತೀರದಲ್ಲಿ ಬಂದೂಕು ಕೊಟ್ಟು ಮನುಷ್ಯರನ್ನು ಕೊಳ್ಳುತ್ತಿದ್ದ ಗುಲಾಮರ ವ್ಯಾಪಾರಿಗಳೂ ಗಿರಾಕಿಗಳೇ. ಇಷ್ಟಾಗಿಯೂ ಗಾಲ್ಟನ್ ಕ್ರೂರಿಯೆಂದು ಹೆಸರಾದವನಲ್ಲ. ಬಣ್ಣ ಮತ್ತು ಬೆಳಕಿನ ಪ್ರಯೋಗ ನಡೆಸಿದ, ಪಕ್ಷಿಗಳ ಕುರಿತು ಬರೆದ, ವಿದ್ವಾಂಸರ ಸಂಗದಲ್ಲಿದ್ದ ಸಭ್ಯ ಗೃಹಸ್ಥನು.

1793ರಲ್ಲಿ ಫ್ರಾನ್ಸಿನೊಡನೆ ಯುದ್ಧ ಆರಂಭವಾಯಿತು. 1795ರಲ್ಲಿ ಸ್ಥಳೀಯ ಕ್ವೇಕರ್ ಸಭೆಯು ಈ ಉದ್ಯೋಗಕ್ಕೆ ಆಕ್ಷೇಪ ಎತ್ತಿತು. ವೃದ್ಧ ತಂದೆಯು ವ್ಯವಹಾರದಿಂದ ಹಿಂದೆ ಸರಿದನು. ಮಗನು ಒಪ್ಪದೆ 1796ರಲ್ಲಿ ತನ್ನ ಸಮರ್ಥನೆಯನ್ನು ಬರೆದೇ ಒಪ್ಪಿಸಿದನು. ಅವನ ವಾದದ ಸಾರವಿಷ್ಟು: ಇದು ನನಗೆ ಪಿತ್ರಾರ್ಜಿತವಾಗಿ ಬಂದ ಕಸುಬು, ಎಪ್ಪತ್ತು ವರ್ಷ ಯಾರೂ ಇದನ್ನು ತಪ್ಪೆನ್ನಲಿಲ್ಲ, ಶಸ್ತ್ರ ತಯಾರಿಸುವುದೆಂದರೆ ಯುದ್ಧವನ್ನು ಮೆಚ್ಚುವುದಲ್ಲ, ಯುದ್ಧಕ್ಕಾಗಿ ತೆರಿಗೆ ಕೊಡುವವನೂ, ಗುಲಾಮರು ಬೆಳೆದ ಸಕ್ಕರೆಯನ್ನೂ ಹತ್ತಿಯನ್ನೂ ಕೊಳ್ಳುವವನೂ ಇದರಲ್ಲಿ ಭಾಗಿಗಳಲ್ಲವೆ? ಸಭೆಯು ಇದಕ್ಕೆ ಮಣಿಯದೆ ಅದೇ ವರ್ಷ ಆಗಸ್ಟಿನಲ್ಲಿ ಅವನ ಸದಸ್ಯತ್ವವನ್ನು ರದ್ದುಗೊಳಿಸಿತು. ಅವನಾದರೋ ಪ್ರಾರ್ಥನೆಗೆ ಹೋಗುವುದನ್ನು ಬಿಡಲಿಲ್ಲ. ಬಂದೂಕನ್ನೂ ಒಡನೆ ಬಿಡಲಿಲ್ಲ. 1804ರಲ್ಲಿ ಬ್ಯಾಂಕಿನ ವ್ಯವಹಾರಕ್ಕೆ ತಿರುಗಿದನು.

ಗಾಲ್ಟನ್ನನ ವಾದದಲ್ಲಿ ಸತ್ಯಾಂಶವಿಲ್ಲವೆನ್ನಲಾಗದು. ಜೀವನೋಪಾಯದಲ್ಲಿ ಒದಗುವ ಉದ್ಯೋಗೀ ಹಿಂಸೆಯು ಗೃಹಸ್ಥನಿಗೆ ಪೂರ್ತಿ ತಪ್ಪದೆಂಬುದನ್ನು ನಮ್ಮ ಆಚಾರ್ಯರೂ ಬಲ್ಲರು. ಆದರೆ ತಪ್ಪಿಸಲಾಗದ ಹಿಂಸೆ ಬೇರೆ, ಹಿಂಸೆಯ ಸಾಧನವನ್ನೇ ಒದಗಿಸುವುದು ಬೇರೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಕತ್ತಿ, ಕೊಡಲಿ ಮೊದಲಾದವನ್ನು ಕೊಡುವ ಹಿಂಸಾದಾನವನ್ನು ಅನರ್ಥದಂಡಗಳಲ್ಲಿ ಎಣಿಸಿದ್ದಾರೆ. ಎಲ್ಲರಿಗೂ ಪಾಪದಲ್ಲಿ ಪಾಲುಂಟೆಂಬ ಮಾತು ನಮ್ಮ ಪಾಲನ್ನು ಕಡಿಮೆಮಾಡಲು ಪ್ರೇರಣೆಯಾಗಬೇಕೇ ಹೊರತು ಅದನ್ನು ಉಳಿಸಿಕೊಳ್ಳಲು ನೆಪವಾಗಬಾರದು.

ಆದರೂ ಅವನ ಒಂದು ಮಾತು ಸಭೆಯನ್ನೇ ಕಟಕಟೆಗೆ ತರುತ್ತದೆ. ಎಪ್ಪತ್ತು ವರ್ಷ ಏಕೆ ಸುಮ್ಮನಿದ್ದಿರಿ? ಆ ಮೌನವೂ ಒಂದು ಬಗೆಯ ಅನುಮೋದನವೇ. ನ್ಯಾಯೋಪಾತ್ತ ಧನವೇ ದಾನಕ್ಕೆ ಯೋಗ್ಯವೆಂದು ನಾವು ನಂಬುತ್ತೇವೆ. ಬಸದಿಗಳ ಆಡಳಿತ ಮಂಡಳಿಗಳು ದಾನಿಯ ಹೆಸರನ್ನು ಕಲ್ಲಿನಲ್ಲಿ ಕೆತ್ತಿಸುವ ಮುನ್ನ ಅವನ ಗಳಿಕೆಯ ಮೂಲವನ್ನು ವಿನಯದಿಂದ ವಿಚಾರಿಸುವುದು ಅಸಭ್ಯವಲ್ಲ. ನಾವು ವ್ಯಾಪಾರಿಗಳಂತೂ ಯಾರೂ ಕೇಳುವ ಮೊದಲೇ ವರ್ಷಕ್ಕೊಮ್ಮೆ, ಲೆಕ್ಕದ ಪುಸ್ತಕ ಮುಚ್ಚುವ ದಿನ, ಈ ಪ್ರಶ್ನೆಯನ್ನು ನಮಗೆ ನಾವೇ ಹಾಕಿಕೊಳ್ಳುವುದು ಒಳಿತು.