ಉಡಿಯೊಳಗಿನ ಶೇಂಗಾ

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಈ ನಾಲ್ಕೂ ಕಡೆ ನನಗೆ ಬಳಗವಿದೆ. ಯಾರ ಅಡಿಗೆಮನೆಗೆ ಹೋದರೂ ಶೇಂಗಾದ ಡಬ್ಬಿಯೊಂದು ಇದ್ದೇ ಇರುತ್ತದೆ. ಹಿಂಡಿಗೆ ಅದು ಬೇಕು, ಎಣಗಾಯಿಗೆ ಬೇಕು, ಹೋಳಿಗೆಗೆ ಬೇಕು. ಇಷ್ಟು ಬಳಕೆಯಾದದ್ದು ನಮ್ಮ ಮಣ್ಣಿನದೇ ಇರಬೇಕು ಎಂದುಕೊಳ್ಳುತ್ತೇವೆ. ಅದರ ತವರು ದಕ್ಷಿಣ ಅಮೇರಿಕ! ಪೆರು ದೇಶದ ಸಿಪಾನ್ ಎಂಬಲ್ಲಿ 1987ರಲ್ಲಿ ಅಗೆದಾಗ ಸುಮಾರು 1,700 ವರ್ಷ ಹಳೆಯ ಅರಸನ ಗೋರಿ ಸಿಕ್ಕಿತು. ಅವನ ಕೊರಳಲ್ಲಿದ್ದದ್ದು ಬಂಗಾರ, ಬೆಳ್ಳಿಯ ಶೇಂಗಾಕಾಯಿಗಳ ಸರ. ನಾವು ಬೋರಮಾಳ ಹಾಕಿಕೊಂಡಂತೆ.

ಪೋರ್ಚುಗೀಜರ ಹಡಗುಗಳ ಕಾಲದಲ್ಲಿ ಅದು ಕಡಲು ದಾಟಿತು. ನಮ್ಮ ಭಾಗ 1956ರವರೆಗೆ ಮುಂಬಯಿಗೆ ಸೇರಿತ್ತಲ್ಲ, ಹೆಸರೂ ಆ ದಿಕ್ಕಿನದೇ. ಮರಾಠಿಯಲ್ಲಿ ಶೇಂಗ ಎಂದರೆ ಕೋಡು. ಮೈಸೂರಿನವರಿಗೆ ಇದೇ ಕಡಲೆಕಾಯಿ. ಬೆಂಗಳೂರಿನ ಬಸವನಗುಡಿಯಲ್ಲಿ ಕಾರ್ತಿಕದ ಕೊನೆಯ ಸೋಮವಾರ ಅದಕ್ಕೊಂದು ಪರಿಷೆಯೇ ಉಂಟು.

ಒಂದು ಮೋಜು ನೋಡಿ. ಏಕಾದಶಿಯ ದಿನ ತಲೆತಲಾಂತರದ ನಮ್ಮ ಅಕ್ಕಿ ಬರುವುದಿಲ್ಲ. ಶೇಂಗಾ, ಬಟಾಟಿ, ಸಾಬುದಾಣಿ, ಹಸಿಮೆಣಸಿನಕಾಯಿ ನಡೆಯುತ್ತವೆ. ಸಾಬುದಾಣಿ ಮಾಡುವ ಮರಗೆಣಸೂ ಸೇರಿ ನಾಲ್ಕೂ ಅಮೇರಿಕದಿಂದ ಬಂದವು. ಮಡಿಯಲ್ಲಿದ್ದ ನಮ್ಮ ಅಜ್ಜಿಗೆ ಇದನ್ನು ಹೇಳುವ ಧೈರ್ಯ ಯಾರಿಗಿತ್ತು?

ಶೇಂಗಾ ಬಡವರ ಬಾದಾಮಿ. ಇಟಲಿ, ಕಾರ್ಸಿಕಾದ ಗುಡ್ಡಗಾಡಿನ ಬಡವರು ಚೆಸ್ಟ್‌ನಟ್ ಎಂಬ ಮರದ ಕಾಯಿಯನ್ನು ಒಣಗಿಸಿ, ಬೀಸಿ, ರೊಟ್ಟಿ ಅಂಬಲಿ ಮಾಡಿಕೊಂಡು ಬದುಕಿದರು. ನಮ್ಮಲ್ಲಿ ಆ ಮರವಿಲ್ಲ. ಹಸಿದವರ ಕೈಗೆ ಸಿಕ್ಕದ್ದು ಶೇಂಗಾ. ಇದರ ಹೂವು ಮೇಲೆ ಅರಳಿದರೂ ಬುಡದಿಂದ ಮೊನೆಯೊಂದು ಹೊರಟು ನೆಲಕ್ಕೆ ಬಾಗಿ ಮಣ್ಣೊಳಗೆ ಕಾಯಿಯಾಗುತ್ತದೆ. ಬಳ್ಳಿ ಕಿತ್ತಾಗ ಒಂದಿಷ್ಟು ಕಾಯಿ ನೆಲದಲ್ಲೇ ಉಳಿಯುತ್ತವೆ. ಅವನ್ನು ಕೆದಕಿ ಹಕ್ಕಲಾಯಲು ಹೆಂಗಸರು, ಮಕ್ಕಳು ಬರುತ್ತಿದ್ದರು. ಹೊಲದವರು ತಡೆಯುತ್ತಿರಲಿಲ್ಲ. ಬಳ್ಳಿಯಿಂದ ಕಾಯಿ ಹರಿಯುವ ಆಳುಗಳಿಗಂತೂ ಕೂಲಿ ಕಾಯಿಯಲ್ಲೇ. “ಹೊಲದಾಗ ತಿಂದದ್ದಕ್ಕ ಲೆಕ್ಕಿಲ್ಲ, ಉಡ್ಯಾಗ ಕಟ್ಟಿದ್ದಕ್ಕ ಲೆಕ್ಕ ಐತಿ” ಎನ್ನುತ್ತಿದ್ದಳು ನಮ್ಮವ್ವ. ಹೀಗೆನ್ನುತ್ತಲೇ ಬಸುರಿಯರ ಉಡಿಗೆ ತಾನೇ ಎರಡು ಬೊಗಸೆ ಹೆಚ್ಚು ಹಾಕುತ್ತಿದ್ದಳು. ಇತಿಹಾಸದ ಪುಸ್ತಕದಲ್ಲಿ ಈ ಬೊಗಸೆಯ ಮಾತು ಬರುವುದಿಲ್ಲ. ಸವಣೂರಿಗೆ ಹೋದವರು ಆಫ್ರಿಕದಿಂದ ಬಂದ ದೊಡ್ಡಹುಣಸೆ ಮರಗಳನ್ನು ಕತ್ತೆತ್ತಿ ನೋಡಿ ಬರುತ್ತಾರೆ. ಕಾಲಬುಡದಲ್ಲಿ ಬೆಳೆದದ್ದನ್ನು ಯಾರು ನೋಡುತ್ತಾರೆ?

ಪಂಚಮಿ ಬಂತೆಂದರೆ ಅಣ್ಣ ಕರೆಯಲು ಬರುತ್ತಿದ್ದ. ಶೇಂಗಾ ಹುರಿದು, ಸಿಪ್ಪೆ ತಿಕ್ಕಿ, ಮೊರದಲ್ಲಿ ಕೇರಿ, ಬೆಲ್ಲದ ಪಾಕ ಬಿಸಿ ಇರುವಾಗಲೇ ಕೈ ಸುಟ್ಟುಕೊಂಡು ಉಂಡಿ ಕಟ್ಟಬೇಕು. ಜೋಕಾಲಿ ಆಡಿ ಗಂಡನ ಮನೆಗೆ ಹೊರಟವಳ ಬುತ್ತಿಯಲ್ಲಿ ಉಂಡಿ ಇಲ್ಲದಿದ್ದರೆ ಮಾತಾಡಲು ಓಣಿಯವರಿಗೆ ಅಷ್ಟೇ ಸಾಕು.

ಅಮೇರಿಕದ ಚೆಸ್ಟ್‌ನಟ್ ಮರಗಳಿಗೆ 1904ರಲ್ಲಿ ನ್ಯೂಯಾರ್ಕಿನಲ್ಲಿ ರೋಗ ಕಾಣಿಸಿ, ಕೆಲವೇ ದಶಕಗಳಲ್ಲಿ ಕೋಟಿಗಟ್ಟಲೆ ಮರ ಸತ್ತವು. ನಮ್ಮ ಶೇಂಗಾಕ್ಕೆ ಅಂಥ ಮಾರಿ ಬರಲಿಲ್ಲ. ಸರಕಾರ 1986ರಲ್ಲಿ ಎಣ್ಣೆಕಾಳು ಬೆಳೆಸಿರೆಂದು ದೊಡ್ಡ ಯೋಜನೆ ಹೂಡಿತು; 1994ರಲ್ಲಿ ತಾಳೆ ಎಣ್ಣೆಯ ಆಮದಿಗೆ ಬಾಗಿಲು ತೆರೆಯಿತು. ಅಗ್ಗದ ಎಣ್ಣೆ ಅಡಿಗೆಮನೆಗೆ ಬಂತು. ಹೊಲಕ್ಕೆ ಗೋವಿನಜೋಳ ಬಂತು. 1997ರಲ್ಲಿ ಧಾರವಾಡದಿಂದ ಬೇರೆಯಾದ ನಮ್ಮ ಹಾವೇರಿ ಜಿಲ್ಲೆ ಈಗ ಗೋವಿನಜೋಳಕ್ಕೇ ಹೆಸರುವಾಸಿ. ರೈತರನ್ನು ನಾನು ದೂರುವುದಿಲ್ಲ. ಶೇಂಗಾಕ್ಕೆ ಆಳು ಹೆಚ್ಚು ಬೇಕು, ಮಳೆ ಕೈಕೊಟ್ಟರೆ ಕಾಯಿ ಜೊಳ್ಳು. ಆದರೆ ಕೋಳಿಗಳ ಮೇವಿಗೆ ಲಾರಿಯಲ್ಲಿ ಹೋಗುವ ಕಾಳಿನಿಂದ ಯಾವ ಮಗುವಿನ ಕಿಸೆ ತುಂಬೀತು?

ಹೋದ ಪಂಚಮಿಗೆ ಹಿರೇಕೆರೂರಿನ ಅತ್ತಿಗೆ ಉಂಡಿ ಕಳಿಸಿದ್ದರು. ಶೇಂಗಾ ಕಿರಾಣಿ ಅಂಗಡಿಯದು. ಹೊಲವಿದ್ದೂ ಕಿಲೋ ಲೆಕ್ಕದಲ್ಲಿ ಕೊಂಡು ತಂದೆನೆಂದು ಫೋನಿನಲ್ಲಿ ಹೇಳಿದರು. ಬರುವ ಮುಂಗಾರಿಗೆ ಬದುವಿನ ಗುಂಟ ನಾಲ್ಕು ಸಾಲು ಬಿತ್ತುತ್ತಾರಂತೆ. ಬೀಜ ಎಲ್ಲಿ ಸಿಗುತ್ತದೆಂದು ನನ್ನನ್ನೇ ಕೇಳಿದರು.