ಅಪಸ್ಮಾರದ ತುರ್ತುಚಿಕಿತ್ಸೆ

ಮಿದುಳಿನ ನರಕೋಶಗಳ ಮಿತಿಮೀರಿದ ವಿದ್ಯುತ್ ಚಟುವಟಿಕೆಯಿಂದ ಬರುವ ಸೆಳವನ್ನು ನಿಲ್ಲಿಸಿ, ಉಸಿರಾಟವನ್ನು ಕಾಯ್ದು, ಕಾರಣವನ್ನು ಹುಡುಕುವ ವೈದ್ಯಕೀಯ ಕ್ರಮವೇ ಅಪಸ್ಮಾರದ ತುರ್ತುಚಿಕಿತ್ಸೆ. ಮೈಯೆಲ್ಲ ಸೆಟೆದು ಅದುರುವ ಸೆಳವು 5 ನಿಮಿಷ ದಾಟಿದರೆ ಅದು ಸ್ಟೇಟಸ್ ಎಪಿಲೆಪ್ಟಿಕಸ್, ಅಂದರೆ ತಾನಾಗಿ ನಿಲ್ಲುವ ಸಂಭವ ಕಡಿಮೆಯಿರುವ ಸತತ ಅಪಸ್ಮಾರ. ರೋಗಿಯನ್ನು ಮಗ್ಗುಲಿಗೆ ಹೊರಳಿಸುವುದು ಮೊದಲ ಕೆಲಸ. ಕೈಗೆ ಕಬ್ಬಿಣದ ಕೀಲಿಕೈ ಕೊಡುವ, ಉಳ್ಳಾಗಡ್ಡಿ ಮೂಸಿಸುವ ರೂಢಿ ನಿರುಪಯುಕ್ತ, ಹಲ್ಲಿನ ನಡುವೆ ಚಮಚ ತುರುಕುವುದಂತೂ ಅಪಾಯಕರ. ಆಸ್ಪತ್ರೆಯಲ್ಲಿ ರಕ್ತದ ಸಕ್ಕರೆ ಪರೀಕ್ಷಿಸಿ, ರಕ್ತನಾಳಕ್ಕೆ ಗರಿಷ್ಠ 4 ಮಿ.ಗ್ರಾಂ. ಲೋರಾಜೆಪಾಮ್, ಸೂಜಿಗೆ ನಾಳ ಸಿಗದಿದ್ದರೆ ಸ್ನಾಯುವಿಗೆ ಮಿಡಜೋಲಾಮ್ ಕೊಟ್ಟು, ಆಗಲೂ ನಿಲ್ಲದಿದ್ದರೆ ಫೆನಿಟೋಯಿನ್, ವಾಲ್ಪ್ರೋಯೇಟ್ ಇಲ್ಲವೆ ಲೆವೆಟಿರಾಸೆಟಾಮ್ ಹರಿಸಲಾಗುತ್ತದೆ. ಬೆಳಗಾವಿ ಜಿಲ್ಲೆಯ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳಿಂದ ತಜ್ಞಚಿಕಿತ್ಸೆಗೆ ಬೆಳಗಾವಿ ಇಲ್ಲವೆ ಹುಬ್ಬಳ್ಳಿ-ಧಾರವಾಡವನ್ನು ತಲುಪಬೇಕಾಗಿದ್ದು, ಹೆದ್ದಾರಿ ಬದಿಯ ಕಿತ್ತೂರಿಗಿಂತ ಮಲಪ್ರಭಾ ತೀರದ ರಾಮದುರ್ಗದಿಂದ ಈ ಹಾದಿ ಬಹು ದೀರ್ಘವಾದ್ದರಿಂದ ಮೊದಲ ಚುಚ್ಚುಮದ್ದನ್ನು ಸಾಗಣೆಗೆ ಮುನ್ನವೇ ಕೊಡುವುದು ಅಗತ್ಯ. ತುರ್ತು ಸಾಗಣೆಯ 108 ಆಂಬ್ಯುಲೆನ್ಸ್ ಸೇವೆ ಕರ್ನಾಟಕದಲ್ಲಿ 2008ರಲ್ಲಿ ಆರಂಭವಾಯಿತು.