ಪಾಸ್ಕ ಹಬ್ಬದ ಪಾತ್ರೆಗಳು: ಮಂಗಳೂರಿನ ಕಂಚು, ಕೊಚ್ಚಿಯ ಅಡಿಗೆಮನೆ



ಪವಿತ್ರ ಗುರುವಾರದ ಕಡೆಯ ಭೋಜನಕ್ಕೆ ಮೊದಲು ಯೇಸುಸ್ವಾಮಿ ಇಬ್ಬರು ಶಿಷ್ಯರನ್ನು ಕಳುಹಿಸಿ ಪಾಸ್ಕ ಹಬ್ಬದ ಸಿದ್ಧತೆ ಮಾಡಿಸಿದರು ಎಂದು ಶುಭಸಂದೇಶ ಹೇಳುತ್ತದೆ. ಯೆಹೂದ್ಯರ ಮನೆಗಳಲ್ಲಿ 'ಸಿದ್ಧತೆ' ಎಂಬ ಆ ಒಂದು ಮಾತಿನ ಹಿಂದೆ ಎಷ್ಟೋ ದಿನಗಳ ಕೆಲಸವಿದೆ. ಅದರಲ್ಲಿ ಹೆಚ್ಚಿನ ಪಾಲು ಅಡಿಗೆಮನೆಯದ್ದು. ಆ ಕೆಲಸದ ಚರಿತ್ರೆ ನಮ್ಮ ಕರಾವಳಿಗೂ ತಾಗಿಕೊಂಡಿದೆ.

ಪಾಸ್ಕದ ಏಳು ದಿನ ಮನೆಯಲ್ಲಿ ಹುಳಿಹಿಟ್ಟು ಇರಬಾರದು ಎಂಬುದು ವಿಮೋಚನಕಾಂಡದ ಆಜ್ಞೆ. ಈಜಿಪ್ಟಿನ ದಾಸತ್ವದಿಂದ ಅವಸರದಲ್ಲಿ ಹೊರಟವರ ಹಿಟ್ಟು ಹುಳಿ ಬರಲು ಸಮಯವೇ ಇರಲಿಲ್ಲ. ಅದರ ನೆನಪಿಗೆ ಈ ನಿಯಮ. ಗೋದಿ, ಬಾರ್ಲಿ ಮೊದಲಾದ ಐದು ಧಾನ್ಯಗಳ ಹಿಟ್ಟಿಗೆ ನೀರು ಸೇರಿ 18 ನಿಮಿಷ ಸುಮ್ಮನೆ ಉಳಿದರೆ ಅದು ಹುಳಿಯಾಯಿತು ಎಂದು ಯೆಹೂದ್ಯ ಧರ್ಮಗುರುಗಳು ಲೆಕ್ಕ ಹಾಕಿದರು.

ಹಿಟ್ಟನ್ನು ಹೊರಗೆ ಹಾಕಿದರೆ ಮಾತ್ರ ಸಾಲದು. ವರ್ಷವಿಡೀ ಬೇಯಿಸಿದ ಪಾತ್ರೆಯೂ ಹುಳಿಯ ರುಚಿಯನ್ನು ಹೀರಿಕೊಂಡಿರುತ್ತದೆ. ಪಾತ್ರೆ ಹೇಗೆ ಹೀರಿಕೊಂಡಿತೋ ಹಾಗೆಯೇ ಬಿಟ್ಟುಕೊಡುತ್ತದೆ ಎಂಬುದು ನಿಯಮದ ತಿರುಳು. ನೀರಿನಲ್ಲಿ ಬೇಯಿಸುವ ಲೋಹದ ಪಾತ್ರೆಯನ್ನು ಚೆನ್ನಾಗಿ ಉಜ್ಜಿ, 24 ಗಂಟೆ ಬಳಸದೆ ಇಟ್ಟು, ಕುದಿಯುವ ನೀರಿನಲ್ಲಿ ಮುಳುಗಿಸಿ, ತಣ್ಣೀರಿನಲ್ಲಿ ತೊಳೆಯಬೇಕು. ನೇರ ಬೆಂಕಿಯಲ್ಲಿ ಬಳಸುವ ಸರಳುಗಳನ್ನು ಬೆಂಕಿಯಲ್ಲೇ ಕಾಯಿಸಬೇಕು. ಮಣ್ಣಿನ ಮಡಕೆಗೆ ಮಾತ್ರ ಈ ಅವಕಾಶವಿಲ್ಲ. ಯಾಜಕಕಾಂಡದ ಆರನೆಯ ಅಧ್ಯಾಯದಲ್ಲೂ ಬಲಿಯ ಮಾಂಸ ಬೇಯಿಸಿದ ಮಣ್ಣಿನ ಪಾತ್ರೆಯನ್ನು ಒಡೆಯಬೇಕು, ತಾಮ್ರದ್ದನ್ನು ಉಜ್ಜಿ ತೊಳೆಯಬೇಕು ಎಂದಿದೆ. ಮೀನು ಸಾರಿನ ಮಣ್ಣಿನ ಮಡಕೆಯನ್ನು ಎಷ್ಟು ತೊಳೆದರೂ ವಾಸನೆ ಹೋಗುವುದಿಲ್ಲ ಎಂದು ತಿಳಿದಿರುವ ನಮಗೆ ಇದು ಬೇಗ ಅರ್ಥವಾಗುತ್ತದೆ. ಮಣ್ಣಿನಲ್ಲಿ ಸಣ್ಣ ಸಣ್ಣ ರಂಧ್ರಗಳಿವೆ.

ಈಗ ಮಂಗಳೂರಿಗೆ ಬರೋಣ. 12ನೇ ಶತಮಾನದಲ್ಲಿ ಟ್ಯುನೀಷಿಯಾ ಮೂಲದ ಅಬ್ರಹಾಂ ಬೆನ್ ಯಿಜು ಎಂಬ ಯೆಹೂದ್ಯ ವ್ಯಾಪಾರಿ ಅಲ್ಲಿ ನೆಲೆಸಿದ್ದ. ಅವನಿಗೆ ಕಂಚಿನ ಪಾತ್ರೆ ಮಾಡಿಸುವ ಕಾರ್ಖಾನೆಯಿತ್ತು. ಏಡನ್‌ನಲ್ಲಿದ್ದ ಯೆಹೂದ್ಯ ವ್ಯಾಪಾರಿಗಳು ತಾಮ್ರವನ್ನೂ ಒಡೆದ ಪಾತ್ರೆಗಳನ್ನೂ ಹಡಗಿನಲ್ಲಿ ಕಳುಹಿಸಿ, ಹೊಸದು ಮಾಡಿಸಿ ತರಿಸಿಕೊಳ್ಳುತ್ತಿದ್ದರು. ಇಲ್ಲಿಂದ ಮೆಣಸು, ಅಡಿಕೆಯೂ ಹೋಗುತ್ತಿತ್ತು. ಕೈರೋದ ಬೆನ್ ಎಜ್ರಾ ಸಿನಗಾಗಿನಲ್ಲಿ ಉಳಿದ ಹಳೆಯ ಕಾಗದಪತ್ರಗಳಿಂದ ಇದೆಲ್ಲ ತಿಳಿದುಬಂದಿದೆ. ಅಮಿತಾವ್ ಘೋಷ್ ಅವರ 'ಇನ್ ಆನ್ ಆಂಟಿಕ್ ಲ್ಯಾಂಡ್' (1992) ಪುಸ್ತಕ ಹುಟ್ಟಿದ್ದು ಇದೇ ಪತ್ರಗಳಿಂದ.

ಅದೇ ಶತಮಾನದಲ್ಲಿ ಏಡನ್‌ನಿಂದ ಈಜಿಪ್ಟಿನ ಧರ್ಮಪಂಡಿತರಿಗೆ ಒಂದು ಪ್ರಶ್ನೆ ಹೋಯಿತು. ಶುದ್ಧಿಯ ವಿಷಯದಲ್ಲಿ ಚೀನಾದ ಪಿಂಗಾಣಿಯನ್ನು ಮಣ್ಣೆನ್ನಬೇಕೋ, ಗಾಜೆನ್ನಬೇಕೋ? ಹೊಸ ವಸ್ತು ಬಂದಾಗೆಲ್ಲ ಹೀಗೆ ಹೊಸ ಪ್ರಶ್ನೆ ಏಳುತ್ತದೆ. ಇಂದಿನ ಪ್ರಶ್ನೆ ಫ್ರಿಜ್, ಓವನ್, ಮಿಕ್ಸಿಗಳದ್ದು. ಫ್ರಿಜ್ಜಿನಲ್ಲಿ ಬಿಸಿಯ ಕೆಲಸವಿಲ್ಲ, ಚೆನ್ನಾಗಿ ತೊಳೆದರೆ ಸಾಕು. ಓವನ್ನನ್ನು ಉಜ್ಜಿ, ನಂತರ ಅತಿ ಹೆಚ್ಚು ಶಾಖದಲ್ಲಿ ಖಾಲಿಯಾಗಿ ಉರಿಸುತ್ತಾರೆ. ಮಿಕ್ಸಿಯ ಬ್ಲೇಡಿನ ಸಂದಿಗೆ ಕೈ ಹೋಗದ ಕಾರಣ ಎಷ್ಟೋ ಮನೆಗಳಲ್ಲಿ ಹಬ್ಬಕ್ಕೆಂದೇ ಬೇರೆ ಜಾರ್ ಇರುತ್ತದೆ.

ನಮ್ಮದೇ ರಾಜ್ಯದ ಕೊಚ್ಚಿಯಲ್ಲಿ, 1568ರಲ್ಲಿ ಕಟ್ಟಿದ ಪರದೇಶಿ ಸಿನಗಾಗ್ ಇರುವ ಮಟ್ಟಾಂಚೇರಿಯ ಯೆಹೂದ್ಯರು ಈ ನಿಯಮಗಳಲ್ಲಿ ಬಹಳ ಕಟ್ಟುನಿಟ್ಟಾಗಿದ್ದರು. ಪಾಸ್ಕದ ಪಾತ್ರೆಗಳಿಗೆ ಬೇರೆ ಜಾಗವಿತ್ತು. ಬಾವಿಯ ನೀರನ್ನೂ ಬರಿದು ಮಾಡಿ ತೊಳೆಯುತ್ತಿದ್ದರು. ಯೂರೋಪಿನ ಅನೇಕ ಯೆಹೂದ್ಯರು ಹಬ್ಬದಲ್ಲಿ ಅನ್ನ ಮುಟ್ಟುವುದಿಲ್ಲ. ಕೊಚ್ಚಿಯವರು ಉಣ್ಣುತ್ತಿದ್ದರು, ಆದರೆ ಹೆಂಗಸರು ಅಕ್ಕಿಯ ಒಂದೊಂದು ಕಾಳನ್ನೂ ನೋಡಿ ಆರಿಸುತ್ತಿದ್ದರು. 1948ರ ಬಳಿಕ ಹೆಚ್ಚಿನವರು ಇಸ್ರೇಲಿಗೆ ಹೋದರು. ಆ ಬೀದಿಯಲ್ಲಿ ಈಗ ಪ್ರವಾಸಿಗರೇ ಜಾಸ್ತಿ.

ಇಷ್ಟೆಲ್ಲ ಉಜ್ಜುವುದು ಯಾಕೆ? ಮಕ್ಕಳು ಕೇಳಲಿ ಎಂದು. ಮಕ್ಕಳು ಕೇಳಿದಾಗ ಬಿಡುಗಡೆಯ ಕಥೆ ಹೇಳಬೇಕೆಂದು ವಿಮೋಚನಕಾಂಡವೇ ಹೇಳಿದೆ. ಇಲ್ಲಿ ಬೆನ್ ಯಿಜುವಿನ ಬದುಕು ನಮ್ಮನ್ನು ತಡೆದು ನಿಲ್ಲಿಸುತ್ತದೆ. ದಾಸತ್ವದಿಂದ ಬಿಡುಗಡೆಯನ್ನು ವರ್ಷವರ್ಷವೂ ನೆನೆಯುವ ಧರ್ಮದವನ ಮನೆಯಲ್ಲೂ ದಾಸರಿದ್ದರು. 1132ರ ಅಕ್ಟೋಬರಿನಲ್ಲಿ ಮಂಗಳೂರಿನಲ್ಲಿ ಅವನು ಆಶು ಎಂಬ ದಾಸಿಗೆ ಬಿಡುಗಡೆಪತ್ರ ಬರೆದುಕೊಟ್ಟ. ಆ ಪತ್ರ ಇಂದಿಗೂ ಉಳಿದಿದೆ. ಅವನ ವ್ಯಾಪಾರ ನೋಡಿಕೊಂಡು ಏಡನ್‌ವರೆಗೂ ಹೋಗಿಬಂದ ಬೊಮ್ಮನ ಹೆಸರು ಪತ್ರಗಳಲ್ಲಿ ದಾಸನೆಂದು ಬರುತ್ತದೆ.

ಮಾರ್ಕನ ಏಳನೆಯ ಅಧ್ಯಾಯದಲ್ಲಿ ಪಾತ್ರೆ ತೊಳೆಯುವ ಮಾತು ಬಂದಾಗ, ಯೆಹೂದ್ಯರದು ಬರೀ ಹೊರಗಿನ ಶುದ್ಧಿ ಎಂದು ಹಗುರವಾಗಿ ಮಾತಾಡುವುದು ಬೇಡ. ಆ ಪಾತ್ರೆಗಳಲ್ಲಿ ಒಂದು ಜನಾಂಗದ ನೆನಪಿದೆ. ಪಾತ್ರೆ ಬೆಳಗುವ ಕೈ ಯಾರದು ಎಂಬ ಪ್ರಶ್ನೆಯೂ ಇದೆ. ನಮ್ಮ ಮನೆಗಳಲ್ಲೂ ಹಬ್ಬದ ಮುಂಚಿನ ತಿಕ್ಕುವ ಕೆಲಸ ಅಮ್ಮನಿಗೋ ಕೆಲಸದವರಿಗೋ ಬೀಳುತ್ತದೆ. ಈ ಪವಿತ್ರ ವಾರದಲ್ಲಿ ಪೈವಳಿಕೆಯ ಯುವಕ ಯುವತಿಯರು ನಾವೇ ಒಂದು ದಿನ ಆ ಕೆಲಸಕ್ಕೆ ಕೈಹಚ್ಚೋಣ. ಮನೆಯ ಚಿಕ್ಕ ಮಕ್ಕಳು ಯಾಕೆ ಎಂದು ಕೇಳಿದರೆ ಈಜಿಪ್ಟಿನ ಕಥೆ ಹೇಳೋಣ, ಆಶುವಿನ ಕಥೆಯನ್ನೂ ಹೇಳೋಣ.